ಆನಿಬಾಯಿಯ ಪೀಪಾಯಿಗೆ ಹೊಸ ಬಿರಡೆ

ಬೋಳಾರ, ಮಂಗಳೂರು
೯ ಮಾರ್ಚ್ ೧೯೩೬, ಸೋಮವಾರ

ಪ್ರೀತಿಯ ವಾರಿಜಾ,

ನಾನು ಕ್ಷೇಮ. ನೀನೂ ಹೇಮಾಕ್ಷಿಯೂ ಅಳಿಯ ಚೆನ್ನಪ್ಪನೂ ಕ್ಷೇಮವೆಂದು ನಂಬಿದ್ದೇನೆ. ಹೇಮಳ ಕಾಲಿನ ಬಾವು ಇಳಿಯಿತೇ? ಚೊಚ್ಚಲ ಹೆರಿಗೆ ತಾಯಿಮನೆಯಲ್ಲಿ ಆಗಬೇಕಾದದ್ದು. ಹಡಗಿನ ಪ್ರಯಾಣ ಬೇಡವೆಂದು ಡಾಕ್ಟರರು ಹೇಳಿದ ಮೇಲೆ ತಾಯಿಮನೆಯೇ ಎದ್ದು ಬೊಂಬಾಯಿಗೆ ಹೋದ ಹಾಗಾಯಿತು. ಅವಳಿಗೆ ಒಂಬತ್ತು ತುಂಬಿದೆ, ಚಾಳಿನ ಮೆಟ್ಟಿಲು ಹತ್ತಿ ಇಳಿಯಲು ಬಿಡಬೇಡ. ನಿನ್ನ ಒಣಕೆಮ್ಮು ಹೇಗುಂಟು? ಪರೇಲಿನ ನಲ್ಲಿನೀರು ಕುದಿಸಿಯೇ ಕುಡಿಯಿರಿ. ಇಲ್ಲಿ ಸೆಕೆ ಈಗಲೇ ಶುರುವಾಗಿದೆ. ನಿನ್ನ ಬಸಳೆ ಚಪ್ಪರ ಬದುಕಿದೆ, ದಿನಾ ಎರಡು ಕೊಡ ನೀರು ಹಾಕುತ್ತೇನೆ. ಕಂದು ಕೋಳಿ ಮಾತ್ರ ನೀನು ಹೋದಲ್ಲಿಂದ ಮೊಟ್ಟೆ ಇಡುವುದು ನಿಲ್ಲಿಸಿದೆ, ಅದೂ ನಿನ್ನ ಪಕ್ಷ.

ನೀನು ಸ್ಟೀಮರು ಹತ್ತಿ ಏಳು ವಾರ ಕಳೆಯಿತು. ಹೇಮಳಿಂದ ನಾಲ್ಕು ಕಾರ್ಡು ಬಂತು, ಒಂದರಲ್ಲಿಯೂ ನಿನ್ನ ಅಕ್ಷರ ಇಲ್ಲ. ಕೊನೆಯಲ್ಲಿ ‘ಅಮ್ಮ ಕ್ಷೇಮ’ ಎಂದು ಅವಳೇ ಬರೆಯುತ್ತಾಳೆ. ಮಿಶನ್ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿ, ಬೋಳಾರದ ಅರ್ಧ ಹೆಂಗಸರಿಗೆ ಪತ್ರ ಬರೆದುಕೊಡುವವಳಿಗೆ ಗಂಡನಿಗೆ ಒಂದು ಸಾಲು ಬರೆಯಲು ಮಾತ್ರ ಶಾಯಿ ಒಣಗಿತೇ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಬರುವ ಉತ್ತರ ಗೊತ್ತುಂಟು. ಬಂದರಿನ ದಕ್ಕೆಯಲ್ಲಿ ದೋಣಿಗೆ ಕಾಲಿಡುವಾಗಲೇ ಹೇಳಿ ಹೋಗಿದ್ದೀಯಲ್ಲ: “ಆನಿಬಾಯಿಯ ಮೆಟ್ಟಿಲಲ್ಲಿ ನಿಂತು, ತಪ್ಪು ನನ್ನದು ಅಂತ ಒಂದು ಮಾತು ಹೇಳಿ. ಅಲ್ಲಿವರೆಗೆ ನನ್ನ ಕಾಗದ ಕಾಯಬೇಡಿ.” ಅಷ್ಟು ಹೇಳಿ, ಸ್ಟೀಮರಿನವರೆಗೂ ಬೆನ್ನು ತಿರುಗಿಸಿಯೇ ಕೂತಿದ್ದೆ. ನಾನು ದೋಣಿ ಚಿಕ್ಕದಾಗುವವರೆಗೆ ನಿಂತಿದ್ದೆ, ಅದು ನಿನಗೆ ಗೊತ್ತಿಲ್ಲ.

ಆ ಮಾತು ಹೇಳಿದೆ, ವಾರಿಜಾ. ಹೋದ ಮಂಗಳವಾರ ಅವರ ಮೆಟ್ಟಿಲಲ್ಲಿಯೇ ನಿಂತು ಹೇಳಿದೆ. ನೀನು ಕೇಳಿದ್ದಕ್ಕಿಂತ ಹೆಚ್ಚೇ ಹೇಳಿಬಿಟ್ಟೆ. ಈಗ ಬೇಲಿಯ ಆಚೆ ಕೂತು ಆನಿಬಾಯಿ ಬೇರೆಯೇ ಹಠ ಹಿಡಿದಿದ್ದಾರೆ. ಅವರಿಗೆ ಹೇಳಿದ್ದನ್ನು ನಿನಗೂ ಬರೆದು, ಆ ಕಾಗದ ಅಂಚೆಪೆಟ್ಟಿಗೆಗೆ ಬಿದ್ದ ಮೇಲೆಯೇ ಅವರು ದ್ರಾಕ್ಷಿಯ ವೈನನ್ನು ಭರಣಿಯಿಂದ ಸೋಸಿ ಪೀಪಾಯಿಗೆ ಹಾಕುವುದಂತೆ. ಭರಣಿಗೆ ಇವತ್ತು ಇಪ್ಪತ್ತೊಂದನೆಯ ದಿನ. ಇನ್ನು ಎರಡು ದಿನ ಬಿಟ್ಟರೆ ಹುಳಿಯಾಗುತ್ತದೆ. ಈಸ್ಟರ್ ಕಳೆದ ಮೇಲೆ ಅವರ ಮಗಳು ಎಸ್ತೆರಳ ಮದುವೆ, ಬಿಕರ್ನಕಟ್ಟೆ ಕಡೆಯ ಹುಡುಗ. ಆ ಮದುವೆಯ ಪಂಕ್ತಿಗೆ ವೈನ್ ಆಗುವುದೂ ಆಗದಿರುವುದೂ ಈಗ ನನ್ನ ಈ ಕಾಗದದ ಮೇಲೆ ನಿಂತಿದೆ. ವಿಷಯಕ್ಕೆ ಬರುತ್ತೇನೆ. ನೇರವಾಗಿ ಬರಲು ನನ್ನಿಂದ ಆಗುವುದಿಲ್ಲ, ಸ್ವಲ್ಪ ಸುತ್ತಿ ಬರುತ್ತೇನೆ. ಅಷ್ಟು ತಾಳ್ಮೆ ನಿನಗುಂಟು.

ಕ್ರಿಸ್ಮಸಿನ ಕಥೆ ನೀನು ಕಣ್ಣಾರೆ ಕಂಡದ್ದು. ಆದರೂ ನನ್ನ ಕಡೆಯಿಂದ ಒಮ್ಮೆ ಕೇಳು. ಅದು ಆನಿಬಾಯಿಯ ಮಾವನ ಕಾಲದ ಪೀಪಾಯಿ. ನಾವು ಈ ಮನೆಗೆ ಬಂದಾಗಿನಿಂದ ಬೇಲಿಯ ಆಚೆ ಅದನ್ನು ನೋಡುತ್ತಿದ್ದೇವೆ. ಪ್ರತಿ ವರ್ಷ ಮೊದಲ ಗ್ಲಾಸು ಇಗರ್ಜಿಯ ಪಾದ್ರಿಗಳಿಗೆ, ಎರಡನೆಯದ್ದು ನಮ್ಮ ಮನೆಗೆ. ನವೆಂಬರಿನಲ್ಲಿ ಅದರ ನಲ್ಲಿ ತೊಟ್ಟಿಕ್ಕತೊಡಗಿದಾಗ ಅವರು ನನ್ನನ್ನಲ್ಲದೆ ಯಾರನ್ನು ಕರೆಯುತ್ತಾರೆ? ಮೂವತ್ತೆರಡು ವರ್ಷ ಹೆಂಚಿನ ಕಾರ್ಖಾನೆಯಲ್ಲಿ ಹಬೆಯ ಇಂಜಿನಿಗೆ ಕೈ ಹಾಕಿದ ಫಿಟ್ಟರ್ ಪಕ್ಕದ ಮನೆಯಲ್ಲಿರುವಾಗ! ನಾನು ಇಂಜಿನಿಗೆ ಮಾಡುವ ಹಾಗೆಯೇ ಮಾಡಿದೆ. ಹಬೆಯ ಕೊಳವೆ ಸೋರಿದರೆ ಸೆಣಬಿನ ಹುರಿಯನ್ನು ಎಣ್ಣೆಯಲ್ಲಿ ನೆನೆಸಿ, ಸುತ್ತಿ ಬಿಗಿಯುವುದು ನಮ್ಮ ಕ್ರಮ. ನಮ್ಮ ಹಿಂದಿನ ಜಗಲಿಯಲ್ಲಿ ಎರಡು ಡಬ್ಬಿ ಇತ್ತು. ಒಂದರಲ್ಲಿ ಹಳೆಯ ತೆಂಗಿನೆಣ್ಣೆ, ಇನ್ನೊಂದರಲ್ಲಿ ದೋಣಿಯ ಮರಕ್ಕೂ ಹಟ್ಟಿಯ ಬಾಗಿಲಿಗೂ ಬಳಿಯುವ ಬೂತಾಯಿ ಮೀನಿನ ಎಣ್ಣೆ. ಎರಡೂ ಕಂದು, ಎರಡೂ ದಪ್ಪ. ಕೈಗೆ ಸಿಕ್ಕಿದ ಡಬ್ಬಿಯಲ್ಲಿ ಹುರಿ ಅದ್ದಿದೆ. ನಲ್ಲಿಗೂ ಸುತ್ತಿದೆ, ಮೇಲಿನ ಬಿರಡೆಗೂ ಸುತ್ತಿದೆ. ಆಮೇಲೆ ಒಂದು ಹನಿ ಸೋರಲಿಲ್ಲ, ಅಷ್ಟರ ಮಟ್ಟಿಗೆ ಕೆಲಸ ಚೊಕ್ಕ.

ಹಬ್ಬದ ಮುನ್ನಾದಿನ ಪಾದ್ರಿಗಳು ಒಂದು ಗುಟುಕು ಬಾಯಿಗಿಟ್ಟು, ನುಂಗಲೂ ಆಗದೆ ಉಗುಳಲೂ ಆಗದೆ, ತೆಂಗಿನ ಮರದ ತುದಿ ನೋಡುತ್ತ ನಿಂತದ್ದು ನಿನಗೆ ನೆನಪಿರಬಹುದು. ಪೀಪಾಯಿಗೆ ಪೀಪಾಯಿಯೇ ಒಣಮೀನಿನ ಹಾಗೆ ನಾರುತ್ತಿತ್ತೆಂದು ನೀವೆಲ್ಲ ಹೇಳಿದಿರಿ. ನಾನು ಗ್ಲಾಸು ಎತ್ತಿ ಮೂಸಿದೆ, ಕುಡಿದೆ, “ಎಂತ ವಾಸನೆ? ನನಗೆ ಯಾವ ವಾಸನೆಯೂ ಇಲ್ಲ. ದ್ರಾಕ್ಷಿಯೇ ಕೆಟ್ಟದ್ದಿರಬೇಕು” ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀನು ಅಷ್ಟು ಜನರ ಮುಂದೆಯೇ ಹೇಳಿದೆ. ಆನಿಬಾಯಿ ಇಡೀ ವೈನನ್ನು ಬಕೆಟು ಬಕೆಟಾಗಿ ತೋಡಿಗೆ ಸುರಿದರು. ಹಬ್ಬದ ದಿನ ಬಂದವರಿಗೆ ಶರಬತ್ತು ಕೊಟ್ಟರು. ಆಮೇಲೆ ನಮ್ಮ ಎರಡು ಮನೆಗಳ ನಡುವಿನ ಬೇಲಿಯ ದಣಪೆಯನ್ನು ಯಾರೂ ದಾಟಲಿಲ್ಲ. ನೀನು ಬೊಂಬಾಯಿಗೆ ಹೋಗುವ ದಿನ ಕೂಡ ಅವರು ದೂರದಿಂದಲೇ ಕೈ ಬೀಸಿದರು. ಅದು ನಿನ್ನನ್ನು ಎಷ್ಟು ಕೊರೆಯಿತೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ನೀನು ಹೋದ ಮೇಲೆ ಫೆಬ್ರವರಿಯಲ್ಲಿ ಅವರು ಮದುವೆಗೆಂದು ಮತ್ತೆ ಕಪ್ಪು ಒಣದ್ರಾಕ್ಷಿ ತರಿಸಿ, ತೊಳೆದು, ಸಕ್ಕರೆಯೂ ಒಂದು ಹಿಡಿ ಗೋಧಿಯೂ ಸೇರಿಸಿ ಎರಡು ಭರಣಿಗಳಲ್ಲಿ ಹಾಕಿದರು. ಪೀಪಾಯಿ ರಿಪೇರಿಗೆ ಕಂಕನಾಡಿಯಿಂದ ಯಾರೋ ಒಬ್ಬನನ್ನು ಕರೆಸಿದರು. ಅವನು ನಾನು ಹಾಕಿದ್ದನ್ನೆಲ್ಲ ನಲ್ಲಿ, ಬಿರಡೆ ಸಮೇತ ಕಿತ್ತು ಬೇಲಿಯ ಬದಿಗೆ ಎಸೆದು, ತಾನು ತಂದ ನಲ್ಲಿಗೆ ಹಳೆ ಬಟ್ಟೆ ಸುತ್ತಿ ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿ ಹೋದ. ಸುತ್ತಿಗೆ ವಾರಿಜಾ, ಸುತ್ತಿಗೆ! ಪೀಪಾಯಿಯ ಹಲಗೆಗೆ! ನೀರು ತುಂಬಿಸಿ ನೋಡಿದರೆ ಅಂಗಳವಿಡೀ ಒದ್ದೆ. ಬೇಲಿಯ ಈಚೆ ನಿಂತು ಅದನ್ನು ನೋಡುವುದು ನನ್ನಿಂದ ಆಗಲಿಲ್ಲ. “ನಾನು ಸರಿ ಮಾಡಿಕೊಡ್ತೇನೆ ಆನಿಬಾಯಿ” ಎಂದು ಕೂಗಿದೆ. “ಬೇಡ ನೋಣಯ್ಯಣ್ಣ, ನಿಮಗೆ ಯಾಕೆ ತೊಂದರೆ” ಎಂದರು, ಬಹಳ ಮರ್ಯಾದೆಯಿಂದ. ಆ ಮರ್ಯಾದೆ ಕೇಳಿ ನನಗೆ ಅನ್ನ ಇಳಿಯಲಿಲ್ಲ. ಅವನು ಎಸೆದ ಹಳೆಯ ಹಿತ್ತಾಳೆ ನಲ್ಲಿಯನ್ನೂ ಬಿರಡೆಯನ್ನೂ ಹೆಕ್ಕಿ, ಅಳತೆ ತೆಗೆದು, ಹೋದ ಸೋಮವಾರ ಬೆಳಿಗ್ಗೆ ಬಂದರಿಗೆ ಹೋದೆ.

ಬಂದರಿನಲ್ಲಿ ಮೊಯ್ದೀನಬ್ಬ ಬ್ಯಾರಿಗಳ ಅಂಗಡಿ ನಿನಗೆ ಗೊತ್ತು, ಮಂಜಿ ಹಡಗುಗಳಿಗೆ ಹಗ್ಗ, ಹಾಯಿ, ಮೊಳೆ ಮಾರುವವರು. ಕಾರ್ಖಾನೆಯ ಕಾಲದಿಂದ ನಮ್ಮ ಪರಿಚಯ. ಪೀಪಾಯಿಗೆ ಬೇಕೆಂದು ಬಾಯಿ ತೆರೆಯುವುದರೊಳಗೆ ಅವರು ಕೈ ಎತ್ತಿದರು: “ಎಂತದಕ್ಕೆ ಅಂತ ನನಗೆ ಹೇಳುವುದು ಬೇಡ ನೋಣಯ್ಯಣ್ಣ. ಪೀಪಾಯಿಯಲ್ಲಿ ನೀರು ಉಂಟು ಅಂತ ನಾನು ತಿಳ್ಕೊಳ್ತೇನೆ. ಹುಳಿ ಇರುವ ನೀರಾ, ಹುಳಿ ಇಲ್ಲದ ನೀರಾ, ಅಷ್ಟು ಮಾತ್ರ ಹೇಳಿ, ಸಾಕು.” ಹುಳಿ ಇರುವ ನೀರು ಎಂದೆ. ಹಾಗಾದರೆ ಹಿತ್ತಾಳೆ ನಲ್ಲಿ ಬೇಡವೇ ಬೇಡ ಎಂದರು. ಅದು ಸರಿ. ಹುಣಸೆಹುಳಿ ಸಾರನ್ನು ಕಲಾಯಿ ಹೋದ ಪಾತ್ರೆಯಲ್ಲಿ ಇಟ್ಟರೆ ಕಿಲುಬು ಬರುತ್ತದೆಂದು ನೀನು ಬೈಯುವುದಿಲ್ಲವೇ, ವೈನಿಗೂ ಅದೇ ನ್ಯಾಯ. ಆನಿಬಾಯಿಯ ಮಾವ ಹಾಕಿಸಿದ ನಲ್ಲಿಗೆ ಒಳಗೆ ಕಲಾಯಿ ಇದ್ದದ್ದು ಎಂದೋ ಸವೆದುಹೋಗಿತ್ತು. ತೊಗಲಿನ ವಾಶರ್ ತೋರಿಸಿದರು. ಬಾವಿಯ ಪಂಪಿಗೆ ತೊಗಲಿನಷ್ಟು ಒಳ್ಳೆಯದು ಇಲ್ಲ, ಆದರೆ ವೈನಿನಲ್ಲಿ ತಿಂಗಳುಗಟ್ಟಲೆ ನೆನೆದರೆ ಹದ ಮಾಡಲು ಹಾಕಿದ ತೊಗಟೆಯ ಬಣ್ಣವನ್ನೆಲ್ಲ ಬಿಡುತ್ತದೆ. ಯಾವ ಪ್ರಾಣಿಯದ್ದೆಂದೂ ಕೇಳಿದೆ. ಉತ್ತರ ಕೇಳಿದ ಮೇಲೆ, ಮದುವೆಗೆ ಬರುವ ನಿನ್ನ ತಮ್ಮಂದಿರ ಮುಖ ನೆನಪಾಗಿ ಅದನ್ನು ಅಲ್ಲಿಯೇ ಇಟ್ಟೆ.

ಆಮೇಲೆ ರಬ್ಬರ್ ವಾಶರ್ ಎರಡು ತೆಗೆದು ಹಲಗೆಯ ಮೇಲೆ ಇಟ್ಟರು. “ಮೂಸಿ ನೋಡಿ. ಒಳ್ಳೆ ರಬ್ಬರಿಗೆ ವಾಸನೆ ಕಮ್ಮಿ. ಯಾವುದು ಆಗಬಹುದು ಹೇಳಿ.” ಮೀನಿನ ವೈನಿನ ಕಥೆ ಬಂದರಿಗೂ ಮುಟ್ಟಿತ್ತು, ಮನುಷ್ಯ ನನ್ನನ್ನು ತಮಾಷೆ ಮಾಡುತ್ತಿದ್ದರು, ಅದು ನನಗೆ ತಿಳಿಯಲಿಲ್ಲ. ಎರಡನ್ನೂ ಮೂಗಿಗೆ ಹಿಡಿದು, ನಾಡಿ ನೋಡುವ ಪಂಡಿತನ ಹಾಗೆ ಕಣ್ಣು ಮುಚ್ಚಿ, ತಲೆಯಾಡಿಸಿ, ಎಡಗಡೆಯದ್ದು ಆಗಬಹುದು ಎಂದೆ. ಬ್ಯಾರಿಗಳ ನಗು ನಿಂತಿತು. “ಅದು ಸೀಮೆಎಣ್ಣೆ ಡಬ್ಬಿಗೆ ಬಿದ್ದದ್ದು. ನಾನು ಇಲ್ಲಿ ಕೂತಲ್ಲಿಗೇ ಹೊಡೀತದೆ. ನಿಮಗೆ ಗೊತ್ತಾಗ್ಲಿಲ್ಲವಾ?” ನೆಗಡಿ ಎಂದೆ. “ಎಷ್ಟು ಸಮಯದಿಂದ ನೆಗಡಿ?” ಎಂದು ಕೇಳಿದರು. ಮನೆಯವಳಿಗೆ ಹೇಳದ್ದನ್ನು ಮಾರಾಟದ ಹಲಗೆಯ ಆಚೆ ಕೂತವರಿಗೆ ಹೇಳಿದೆ: “ಎರಡು ವರ್ಷ ಆಗುತ್ತಾ ಬಂತು.” ಅವರು ವಾಶರನ್ನು ಡಬ್ಬಿಗೆ ಹಾಕಿ ಮುಚ್ಚಿದರು, ಚಹಾ ತರಿಸಿದರು. “ಮನೆಯಲ್ಲಿ ಗೊತ್ತುಂಟಾ?” ಎಂದು ಒಂದೇ ಪ್ರಶ್ನೆ ಕೇಳಿದರು. ನಾನು ಚಹಾ ಕುಡಿದೆ.

ಹೌದು ವಾರಿಜಾ, ಇದೇ ಆ ಮಾತು. ನನಗೆ ವಾಸನೆ ತಿಳಿಯುವುದಿಲ್ಲ. ಯಾವುದರದ್ದೂ ಇಲ್ಲ. ಹೋದ ವರ್ಷದ್ದಲ್ಲ, ಅದರ ಹಿಂದಿನ ವರ್ಷದ ಆಟಿ ತಿಂಗಳ ಮಳೆಯಲ್ಲಿ ಹನ್ನೆರಡು ದಿನ ಜ್ವರ ಹಿಡಿದು ನೀನು ನನ್ನನ್ನು ಗಂಜಿ ಕುಡಿಸಿ ಎಬ್ಬಿಸಿದೆಯಲ್ಲ, ಆಗ ಜ್ವರ ಹೋಗುವಾಗ ಅದನ್ನೂ ಕಟ್ಟಿಕೊಂಡು ಹೋಯಿತು. ಮೊದಲು ಮೂಗು ಕಟ್ಟಿದೆ ಎಂದುಕೊಂಡೆ. ದೀಪಾವಳಿಯಲ್ಲಿ ಪಟಾಕಿಯ ಹೊಗೆಯ ನಡುವೆ ನಿಂತಾಗ ಗೊತ್ತಾಯಿತು, ಇದು ಕಟ್ಟಿದ್ದಲ್ಲ, ಹೋದದ್ದು. ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಮೊದಲು ಹೊಟ್ಟೆಪಾಡಿನ ಹೆದರಿಕೆ. ಹೆಡ್ ಫಿಟ್ಟರನ ಅರ್ಧ ಕೆಲಸ ಮೂಗಿನದ್ದು. ಬೇರಿಂಗ್ ಕೆಂಪಾಗುವ ಮೊದಲು ಎಣ್ಣೆ ಸುಡುವ ವಾಸನೆ ಬರುತ್ತದೆ, ಬೆಲ್ಟು ಹರಿಯುವ ಮೊದಲು ತೊಗಲು ಕಾದ ವಾಸನೆ. ಕಾರ್ಖಾನೆಯ ಗೇಟಿನಲ್ಲಿ ನಿಂತೇ ಯಾವ ಬೇರಿಂಗಿಗೆ ಎಣ್ಣೆ ಸಾಲದೆಂದು ಹೇಳುತ್ತಾನೆ ನೋಣಯ್ಯ ಮೇಸ್ತ್ರಿ ಎಂದು ದೊರೆಗಳೇ ಹೇಳುತ್ತಿದ್ದರು. ಅದನ್ನು ನಾನು ನಿನಗೆ ನೂರು ಸಲ ಹೇಳಿದ್ದೇನೆ, ಜಂಬದಿಂದಲೇ ಹೇಳಿದ್ದೇನೆ. ಆ ಮೂಗೇ ಹೋಯಿತು.

ಕಾರ್ಖಾನೆ ಬಿಟ್ಟದ್ದು ಹೇಗೆಂದೂ ಈಗ ಹೇಳಬೇಕು. ಹೋದ ಜನವರಿಯ ಹಿಂದಿನ ಜನವರಿ, ಒಂದು ಮಧ್ಯಾಹ್ನ, ನಾನು ಇಂಜಿನಿನ ಪಕ್ಕದಲ್ಲಿಯೇ ನಿಂತಿದ್ದೆ. ನಲವತ್ತು ಅಡಿ ಆಚೆ ಊಟಕ್ಕೆ ಕೂತಿದ್ದ ಡ್ರೈವರ್ ಒಸ್ವಾಲ್ಡ್ ಎಂಜಲು ಕೈಯಲ್ಲಿಯೇ ಓಡಿಬಂದು ಹಬೆ ನಿಲ್ಲಿಸಿದ. ಬೇರಿಂಗ್ ಸುಟ್ಟು ಹೊಗೆ ಬರುವ ಹಂತಕ್ಕೆ ಬಂದಿತ್ತು, ನನ್ನ ಕಾಲಬುಡದಲ್ಲಿ. ಆಚೆ ಬದಿಯಲ್ಲಿ ಹೆಂಚು ಒತ್ತುವ ಹೆಂಗಸರು ಹದಿನಾಲ್ಕು ಮಂದಿ ಇದ್ದರು. ಒಸ್ವಾಲ್ಡ್ ಯಾರಿಗೂ ಹೇಳಲಿಲ್ಲ, ದೊಡ್ಡ ಮನುಷ್ಯ. ನಾನು ಅದೇ ವಾರ ಮೊಣಕಾಲು ನೋವು ಎಂದು ಹೇಳಿ ಕೆಲಸ ಬಿಟ್ಟೆ. ನೀನು ನಂಬಿದೆ. ಒಂದು ವರ್ಷ, ಪ್ರತಿ ಸಂಜೆ, ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ನನ್ನ ಎರಡು ಮೊಣಕಾಲಿಗೂ ತಿಕ್ಕಿದೆ. ನಿನ್ನ ಕೈಬೆರಳಿನ ಗಂಟುಗಳೇ ನೋಯುತ್ತಿದ್ದವು, ಆದರೂ ತಿಕ್ಕಿದೆ. ನನ್ನ ಮೊಣಕಾಲಿಗೆ ಏನೂ ಆಗಿಲ್ಲ, ವಾರಿಜಾ. ಅವು ಕಬ್ಬಿಣದ ಹಾಗಿವೆ. ನೀನು ಇಲ್ಲದ ಈ ಏಳು ವಾರ ನಾನು ದಿನಾ ಬಂದರಿನವರೆಗೆ ನಡೆದು ಹೋಗಿ ಬರುತ್ತೇನೆ. ಬೈಯುವುದಾದರೆ ಇದಕ್ಕೆ ಬೈಯಬೇಕು, ವೈನಿಗಲ್ಲ.

ಕ್ರಿಸ್ಮಸಿನ ದಿನ “ಎಂತ ವಾಸನೆ” ಎಂದು ಕೇಳಿದ್ದು ನಿಜವಾಗಿ ಗೊತ್ತಿಲ್ಲದೆ. ಅರೆಕ್ಷಣದಲ್ಲಿ ನಿಮ್ಮ ಮುಖಗಳನ್ನು ನೋಡಿ ಯಾವ ಡಬ್ಬಿಗೆ ಕೈ ಹಾಕಿದ್ದೆನೆಂದು ತಿಳಿಯಿತು. ಆದರೆ ಅಷ್ಟು ಜನರ ಮುಂದೆ ಮೂಗಿಲ್ಲದವನು ಎನ್ನಿಸಿಕೊಳ್ಳುವುದಕ್ಕಿಂತ ಹಠಮಾರಿ ಎನ್ನಿಸಿಕೊಳ್ಳುವುದು ಸುಲಭವಾಗಿತ್ತು. ಹಠಮಾರಿಯ ಪಟ್ಟ ನನಗೆ ಹೊಸದೂ ಅಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ತಿರುಗಿದೆ. ನನಗೆ ನಾಚಿಕೆಯಾಗಿತ್ತು, ಅಷ್ಟೇ. ಈಗಲೂ ಇದನ್ನು ಬರೆಯುವಾಗ ನಾಚಿಕೆಯೇ.

ಬಂದರಿನಿಂದ ಬಂದವನು ರಾತ್ರಿಯಿಡೀ ಹೊರಳಾಡಿ, ಮಂಗಳವಾರ ದಣಪೆ ದಾಟಿದೆ. ಆನಿಬಾಯಿ ಜಗಲಿಯಲ್ಲಿ ಕೂತು ಕುಚ್ಚಲಕ್ಕಿ ಆರಿಸುತ್ತಿದ್ದರು. ಮೆಟ್ಟಿಲ ಮೇಲೆ ನಿಂತು, “ತಪ್ಪು ನನ್ನದು ಆನಿಬಾಯಿ, ಮೀನೆಣ್ಣೆ ನಾನೇ ಹಾಕಿದ್ದು” ಎಂದೆ. ಅದು ಗೊತ್ತಿದ್ದ ವಿಷಯ, ಅವರು ತಲೆಯೆತ್ತಲಿಲ್ಲ. ಯಾಕೆ ಹಾಕಿದೆ ಎಂದು ಹೇಳಿದ ಮೇಲೆ ಗೆರಸೆ ಕೆಳಗಿಟ್ಟರು. “ಅಯ್ಯೋ ದೇವಾ, ಮತ್ತೆ ಇಷ್ಟು ಸಮಯ ನೀವು ಊಟ ಹೇಗೆ ಮಾಡ್ತಾ ಇದ್ರಿ?” ಎಂದು ಕೇಳಿದರು. ಉಪ್ಪು, ಹುಳಿ, ಖಾರ ತಿಳಿಯುತ್ತದೆ ಎಂದೆ. ಅವರು ಎದ್ದು ಅಕ್ಕಿಯ ಕಲ್ಲನ್ನು ಅಂಗಳಕ್ಕೆ ಎಸೆಯಲು ಹೋದವರು ಆ ಕಡೆಯೇ ಮುಖ ಮಾಡಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಒಳಗೆ ತಿರುಗಿ ಕೂಗಿದರು: “ಎಸ್ತೆರ್, ಇಲ್ಲಿ ಬಾ. ನೋಣಯ್ಯಣ್ಣನಿಗೆ ಕೆಲಸಕ್ಕೆ ಒಂದು ಮೂಗು ಬೇಕಂತೆ.”

ಮದುಮಗಳನ್ನು ಹೀಗೆ ಕೆಲಸಕ್ಕೆ ಹಚ್ಚಿದವರು ಮಂಗಳೂರಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ನಾನು ಪೀಪಾಯಿಯ ಒಳಗನ್ನು ಬೂದಿನೀರಿನಿಂದ ತೊಳೆದು, ಬಿಸಿಲಿಗಿಟ್ಟು, ಗಂಧಕದ ಹೊಗೆ ಹಾಕುವುದು, ಅವಳು ಬಿರಡೆಯ ತೂತಿಗೆ ಮೂಗಿಟ್ಟು ವರದಿ ಹೇಳುವುದು. ಬುಧವಾರ “ಬೂತಾಯಿ” ಎಂದಳು. ಗುರುವಾರ “ಬೂತಾಯಿಯೇ, ಆದರೆ ದೂರದ ಮನೆಯಲ್ಲಿ ಹುರಿಯುವ ಹಾಗೆ” ಎಂದಳು. ನಲ್ಲಿ ಕೂರುವ ತೂತಿನ ಸುತ್ತ ಎಣ್ಣೆ ಕುಡಿದ ಮರವನ್ನು ಬೆರಳಿನಷ್ಟು ಕೆತ್ತಿ ತೆಗೆದ ಮೇಲೆ ಶುಕ್ರವಾರ ಮೂಗಿಟ್ಟು, ಇನ್ನೊಮ್ಮೆ ಇಟ್ಟು, “ಬರೀ ಮರ” ಎಂದು ನಕ್ಕಳು. ನನ್ನ ನೌಕರಿಯಲ್ಲಿ ದೊರೆಗಳು ಶಹಭಾಸ್ ಎಂದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಬಿರಡೆ, ವಾಶರುಗಳ ಆಯ್ಕೆಯಲ್ಲಿಯೂ ಅವಳ ತೀರ್ಪೇ ಕೊನೆಯದ್ದು. ಬ್ಯಾರಿಗಳು ಒಳ್ಳೆಯ ರಬ್ಬರ್ ವಾಶರ್ ಒಂದನ್ನು ಕೊಟ್ಟಿದ್ದರು. ಮೂರು ಸಲ ಸೋಡಾ ಹಾಕಿ ಕುದಿಸಿದೆ. ಮೂರನೆಯ ಸಲವೂ “ಅಂಚೆಯವನ ಮಳೆಕೋಟಿನ ಹಾಗೆ” ಎಂದು ಮೂಗು ತಿರುಗಿಸಿದಳು, ರಬ್ಬರ್ ಹೋಯಿತು. ಹಡಗಿಗೆ ತರುವ ದಪ್ಪ ಬೂಚಿನ, ಅಂದರೆ ಕಾರ್ಕಿನ, ತುಂಡು ಒಂದನ್ನೂ ಅವರೇ ಕೊಟ್ಟಿದ್ದರು. ಅದನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಮೂಸಿದವಳು, “ಏನೂ ಇಲ್ಲ” ಎಂದಳು. ಏನೂ ಇಲ್ಲದ್ದೇ ನಮಗೆ ಬೇಕಾದದ್ದು. ಮೇಲಿನ ಬಿರಡೆಯನ್ನು ಬೂಚಿನಿಂದಲೇ ಕೆತ್ತಿದೆ, ನಲ್ಲಿಯ ಕೊರಳಿಗೆ ಬಳೆಯ ಹಾಗೆ ಒಂದು ವಾಶರನ್ನೂ ಅದರಿಂದಲೇ ಕತ್ತರಿಸಿದೆ. ನಲ್ಲಿಯನ್ನು ಜೆಪ್ಪುವಿನ ಆಚಾರಿಯಿಂದ ನೇರಳೆ ಮರದಲ್ಲಿ ಕಡೆಸಿದೆ. ಬಾವಿಯ ತಳಕ್ಕೆ ಹಾಕುವ ಮರ ಅದು, ನೀರು ಕುಡಿದಷ್ಟೂ ಬಿಗಿ. ಸೆಣಬಿನ ಬದಲು ಬಾಳೆನಾರು, ಎಣ್ಣೆಯ ಬದಲು ಜೇನುಮೇಣ. ಇಂಜಿನಿನ ವಿದ್ಯೆ ಬೇರೆ, ಪೀಪಾಯಿಯ ವಿದ್ಯೆ ಬೇರೆ. ಇಂಜಿನಿನಲ್ಲಿ ನಾವು ಬಿಗಿಯುತ್ತೇವೆ. ಪೀಪಾಯಿಯಲ್ಲಿ ಮರ ತಾನೇ ಉಬ್ಬಿ ಬಿಗಿದುಕೊಳ್ಳಲು ಜಾಗ ಬಿಡಬೇಕು. ಅರುವತ್ತರ ಹತ್ತಿರ ಬಂದು ಇದನ್ನು ಕಲಿತೆ. ಶನಿವಾರ ಸಂಜೆ ನೀರು ತುಂಬಿಸಿ, ಕೆಳಗೆ ಒಲೆಯ ಬೂದಿ ಹರಡಿ ಇಟ್ಟೆವು. ಇವತ್ತು ಬೆಳಿಗ್ಗೆ ನೋಡಿದರೆ ಬೂದಿಯ ಮೇಲೆ ಒಂದು ಚುಕ್ಕೆ ಇಲ್ಲ.

ಇನ್ನೇನು ಸೋಸುವುದಕ್ಕೆ ಬಟ್ಟೆ ಕಟ್ಟಬೇಕು, ಆಗ ಆನಿಬಾಯಿ ಕೇಳಿದರು: “ವಾರಿಜಕ್ಕನಿಗೆ ಬರೆದ್ರಾ?” ಅವಳು ಬಂದ ಮೇಲೆ ಹೇಳ್ತೇನೆ ಎಂದೆ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಇಟ್ಟರು. “ಅವಳ ಗಂಡನ ಸಂಗತಿ ಅವಳಿಗಿಂತ ಮೊದಲು ನನಗೆ ಗೊತ್ತಾದರೆ ನಾಳೆ ನಾನು ಅವಳ ಮುಖ ಹೇಗೆ ನೋಡುವುದು? ಬರೆದು ಹಾಕಿ ಬನ್ನಿ, ಆಮೇಲೆ ಸೋಸುವ.” ಹಾಗೆ ಬಂದು ಕೂತು ಬರೆದದ್ದು ಇದು. ನೀವಿಬ್ಬರೂ ಮಾತುಬಿಟ್ಟು ಎರಡು ತಿಂಗಳಾದರೂ ಅವರು ನಿನ್ನ ಪಕ್ಷವನ್ನು ಬಿಟ್ಟಿಲ್ಲ, ಇದನ್ನು ತಿಳಿದುಕೋ.

ಒಂದು ಸಣ್ಣ ಸಾಲವೂ ಉಳಿದಿದೆ, ಅದನ್ನೂ ತೀರಿಸುತ್ತೇನೆ. ಈ ಎರಡು ವರ್ಷ ನಿನ್ನ ಬಂಗುಡೆಯ ಗಸಿಯನ್ನು ಹೊಗಳಿದ್ದೆಲ್ಲ ಅಂದಾಜಿನ ಮೇಲೆ, ನಿನ್ನ ಮುಖ ನೋಡಿಕೊಂಡು. ಒಮ್ಮೆ ಗಸಿ ತಳಹಿಡಿದು ಸೀದುಹೋಗಿತ್ತಂತೆ. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ನಿನಗೆ ಬೇಜಾರಾಗಬಾರದೆಂದು ಹಾಗೆ ಮಾಡಿದೆನೆಂದು ನೀನು ತಿಳಿದು, ಆ ದಿನವಿಡೀ ನನ್ನನ್ನು ಮದುವೆಯಾದ ಹೊಸತರಲ್ಲಿ ನೋಡುತ್ತಿದ್ದ ಹಾಗೆ ನೋಡಿದೆ. ಆ ಪುಣ್ಯ ನನ್ನದಲ್ಲ. ಆದರೂ ಹಾಗೆ ನೋಡಿದ್ದನ್ನು ಹಿಂದಕ್ಕೆ ಕೊಡಲು ನನಗೆ ಮನಸ್ಸಿಲ್ಲ.

ಹೇಮಳಿಗೆ ಸುಖವಾಗಿ ಹೆರಿಗೆಯಾಗಲೆಂದು ಮನೆಯ ದೈವಕ್ಕೆ ಹೇಳಿಕೊಂಡಿದ್ದೇನೆ. ಆನಿಬಾಯಿ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದ್ದಾರೆ, ಬ್ಯಾರಿಗಳೂ ವಿಚಾರಿಸಿದ್ದಾರೆ. ಅವಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಈ ಕಾಗದವನ್ನು ಅವರೆದುರು ಗಟ್ಟಿಯಾಗಿ ಓದಬೇಡ. ನಿನ್ನ ಆರೋಗ್ಯ ನೋಡಿಕೋ.

ನಿನ್ನವನೇ ಆದ
ನೋಣಯ್ಯ

ಮರೆತ ಮಾತು: ಕಾಗದ ಮಡಚಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಚೆನ್ನಪ್ಪನ ತಂತಿ ಬಂತು. ಗಂಡು ಮಗು, ಇಬ್ಬರೂ ಕ್ಷೇಮ ಎಂದು ಓದಿ, ಬೇಲಿಯ ಹತ್ತಿರ ಓಡಿಹೋಗಿ ಆನಿಬಾಯಿಯನ್ನು ಕೂಗಿ ಹೇಳಿದೆ. ಅವರೂ ಎಸ್ತೆರಳೂ ಅಂಗಳದಲ್ಲಿಯೇ ಅಳುತ್ತ ನಗುತ್ತ ನಿಂತಿದ್ದಾರೆ. ಅಂಚೆ ಹೊರಡುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಮಳೆಗೆ ಮೊದಲು ಕೊನೆಯ ಸ್ಟೀಮರಿನಲ್ಲಿ ನೀವು ಬರುವಾಗ ಹಿರಿಯರೆಲ್ಲ ಮಗುವಿನ ನೆತ್ತಿ ಮೂಸಿ ಹರಸುತ್ತಾರಲ್ಲ, ನಾನೂ ಮೂಸುತ್ತೇನೆ. ಆಗ ನನ್ನ ಮುಖ ನೋಡಬೇಡ. ಹೇಮಳನ್ನು ನೀನು ಹೆತ್ತಾಗ ಅವಳ ನೆತ್ತಿಯ ವಾಸನೆ ಹೇಗಿತ್ತೆಂದು ನನಗೆ ಇವತ್ತಿಗೂ ನೆನಪುಂಟು. ಇವನದ್ದೂ ಹಾಗೆಯೇ ಉಂಟೋ, ಬೇರೆಯೋ? ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ, ಅದೊಂದನ್ನು ನಿನ್ನ ಕೈಯಿಂದಲೇ ಬರೆ.